ಹಡಗಿನಿಂದ ಮನುಷ್ಯ ಒಬ್ಬನೇ ಇಳಿಯುವುದಿಲ್ಲ

ಮಳೆಗಾಲ ಶುರುವಾಯಿತೆಂದರೆ ಬೆಂಗಳೂರಿನ ಎಷ್ಟೋ ಮನೆಗಳ ಕಾಂಪೌಂಡ್ ಗೋಡೆ ಮೇಲೆ ದಪ್ಪ ದಪ್ಪ ಬಸವನಹುಳುಗಳು ಹತ್ತುತ್ತವೆ. ಕಂದು ಬಣ್ಣದ ಉದ್ದನೆಯ ಚಿಪ್ಪು, ಅದರ ಮೇಲೆ ತಿಳಿ ಪಟ್ಟೆ. ರಾತ್ರಿಯೆಲ್ಲ ದಾಸವಾಳದ ಚಿಗುರು, ಬಸಳೆ ಸೊಪ್ಪು, ಪಪ್ಪಾಯಿ ಸಸಿ ತಿಂದು, ಬೆಳಗಾಗುವಷ್ಟರಲ್ಲಿ ಕುಂಡಗಳ ಕೆಳಗೆ ಸೇರಿಕೊಳ್ಳುತ್ತವೆ. ರೈತರು ಇದನ್ನು ಶಂಖದ ಹುಳು ಅನ್ನುತ್ತಾರೆ. ಸಂಜೆ ಹೊತ್ತು ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆಯನ್ನೋ ಎಲೆಕೋಸನ್ನೋ ಇಟ್ಟು, ಹುಳುಗಳು ಬಂದು ಸೇರಿದ ಮೇಲೆ ಆರಿಸಿ ಉಪ್ಪುನೀರಿಗೆ ಹಾಕುವುದು ತೋಟದವರು ಮಾಡುವ ಉಪಾಯ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಮನುಷ್ಯರ ಮಿದುಳಿಗೆ ತೊಂದರೆ ಮಾಡುವ ಪರಾವಲಂಬಿ ಹುಳು ಇದರ ಮೈಯಲ್ಲಿರಬಹುದು.

ಇದು ಈ ನೆಲದ ಜೀವಿಯಲ್ಲ. ಇದರ ಮೂಲ ಪೂರ್ವ ಆಫ್ರಿಕಾ. ಅಲ್ಲಿಂದ ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪಕ್ಕೆ ಬಂತು. 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಜೀವಿ ತಜ್ಞ ಮಾರಿಷಸ್‌ನಿಂದ ಕೆಲವು ಹುಳುಗಳನ್ನು ಕಲ್ಕತ್ತಕ್ಕೆ ತಂದ. ಅವು ಅಲ್ಲಿನ ಒಂದು ತೋಟ ಸೇರಿದವು. ಇಂಥ ಹುಳು ಒಂದು ಸಲಕ್ಕೆ ನೂರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಮುಂದೆ ಇದು ಭಾರತದ ಉದ್ದಗಲಕ್ಕೂ ಹಬ್ಬಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೈನ್ಯದ ಜೊತೆ ಅಂಡಮಾನ್‌ಗೂ ಹೋಯಿತು. ಇವತ್ತು ಹಿಂದೂ ಮಹಾಸಾಗರ, ಶಾಂತ ಸಾಗರದ ಲೆಕ್ಕವಿಲ್ಲದಷ್ಟು ದ್ವೀಪಗಳಲ್ಲಿ ಇದು ಬೇರೂರಿದೆ.

ಈ ಹುಳುವಿನ ಕಥೆ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಕೋಬಾರ್ ದ್ವೀಪಗಳಲ್ಲಿ ಒಂದಾದ ಗ್ರೇಟ್ ನಿಕೋಬಾರ್‌ನಲ್ಲಿ ಕಾಡು ತೆಗೆದು ಬಂದರು, ವಿಮಾನ ನಿಲ್ದಾಣ, ಹೊಸ ಪಟ್ಟಣ ಕಟ್ಟುವ ಯೋಜನೆ ಬಗ್ಗೆ ನಡೆಯುತ್ತಿರುವ ಚರ್ಚೆಯಲ್ಲಿ ಒಂದು ದೊಡ್ಡ ವಿಷಯ ಮೂಲೆಗೆ ಸರಿದಿದೆ. ಎಷ್ಟು ಲಕ್ಷ ಮರ ಹೋಗುತ್ತದೆ ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದು ಇರಲೇಬೇಕು. ಆದರೆ ಜಗತ್ತಿನ ದ್ವೀಪಗಳ ಇತಿಹಾಸ ನೋಡುತ್ತಾ ಹೋದರೆ, ಕೊಡಲಿಗಿಂತ ಜಾಸ್ತಿ ಹಾನಿ ಮಾಡಿದ್ದು ಮನುಷ್ಯನ ಜೊತೆ ಹಡಗಿನಿಂದ ಇಳಿದ ಇಲಿ, ಬೆಕ್ಕು, ಮೇಕೆ, ಹಂದಿ, ಇರುವೆ, ಹುಳು, ಬೀಜಗಳು. ಕಡಿದ ಕಾಡು, ಬಿಟ್ಟರೆ ಎಷ್ಟೋ ಕಡೆ ಮತ್ತೆ ಚಿಗುರಿದೆ. ಒಳಹೊಕ್ಕ ಇಲಿ ತಾನಾಗಿ ವಾಪಸ್ ಹೋದ ಉದಾಹರಣೆ ಇಲ್ಲ.

ದ್ವೀಪದ ಜೀವ ಯಾಕೆ ಅಷ್ಟು ಸೂಕ್ಷ್ಮ?

ಭೂಮಿಯ ಒಟ್ಟು ನೆಲದಲ್ಲಿ ದ್ವೀಪಗಳ ಪಾಲು ಶೇ 5ರ ಆಸುಪಾಸು. ಆದರೆ 1500ನೇ ಇಸವಿಯಿಂದೀಚೆಗೆ ಅಳಿದುಹೋದ ಪ್ರಭೇದಗಳಲ್ಲಿ ಸುಮಾರು ಶೇ 60 ದ್ವೀಪಗಳಿಗೆ ಸೇರಿದವು. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ಸಲಹೆ ಕೊಡುವ ಅಂತರರಾಷ್ಟ್ರೀಯ ವಿಜ್ಞಾನಿಗಳ ವೇದಿಕೆ ಐಪಿಬಿಇಎಸ್ 2023ರಲ್ಲಿ ಒಂದು ವರದಿ ಕೊಟ್ಟಿತು. ಹೊರಗಿನಿಂದ ಬಂದ ಜೀವಿಗಳೇ ಮುಖ್ಯ ಕಾರಣವಾಗಿ ಅಳಿದ ಪ್ರಭೇದಗಳಲ್ಲಿ ಶೇ 90 ದ್ವೀಪಗಳಲ್ಲೇ ಅಳಿದಿವೆ ಅಂತ ಅದು ಹೇಳಿತು.

ದಡದಿಂದ ನೂರಾರು, ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ದ್ವೀಪಕ್ಕೆ ತಾನಾಗಿ ಹೋಗಬಲ್ಲ ಜೀವಿಗಳು ಕಡಿಮೆ. ಹಕ್ಕಿ ಹಾರಿ ಹೋಗುತ್ತದೆ, ಬಾವಲಿ ಹೋಗುತ್ತದೆ, ಬೀಜ ತೇಲಿಕೊಂಡು ಹೋಗುತ್ತದೆ, ಹಲ್ಲಿ ಮರದ ದಿಮ್ಮಿ ಮೇಲೆ ಕೂತು ಹೋಗಬಹುದು. ಇಲಿ, ಬೆಕ್ಕು, ನರಿ, ಚಿರತೆ ಹೋಗಲಾರವು. ಹಾಗೆ ಹೋಗಿ ಸೇರಿದ ಜೀವಿಗಳು ಲಕ್ಷಾಂತರ ವರ್ಷ ಬೇಟೆಗಾರನನ್ನೇ ಕಾಣದೆ ಬದುಕಿದವು. ಹಾರುವ ಅಗತ್ಯ ಇಲ್ಲದ ಹಕ್ಕಿಗಳ ರೆಕ್ಕೆ ಚಿಕ್ಕದಾಯಿತು. ನೆಲದ ಮೇಲೇ ಗೂಡು ಕಟ್ಟಿದವು. ಮೇಯುವ ಪ್ರಾಣಿ ಇಲ್ಲದ ಕಡೆ ಗಿಡಗಳು ಮುಳ್ಳು ಕಳೆದುಕೊಂಡವು. ಹೆದರಿ ಓಡುವ ಅಭ್ಯಾಸವೇ ಹೋಯಿತು.

ಹೊರಗಿನ ಗಿಡ, ಹೊರಗಿನ ಪ್ರಾಣಿ ನಮ್ಮಲ್ಲೂ ಬಂದಿವೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಎಷ್ಟು ಹಬ್ಬಿದೆ ಅಂತ ನೋಡಿದವರಿಗೆ ಗೊತ್ತು. ಅದೂ ದೊಡ್ಡ ನಷ್ಟವೇ. ಆದರೆ ಇಲ್ಲಿ ಒಂದು ಕಾಡು ಕೆಟ್ಟರೆ ಆ ಪ್ರಭೇದಕ್ಕೆ ಇನ್ನೊಂದು ಕಾಡು ಇರುತ್ತದೆ. ದ್ವೀಪದಲ್ಲಿ ಸುತ್ತ ಸಮುದ್ರ. ಹಿಂದೆ ಸರಿಯಲು ಜಾಗ ಇಲ್ಲ.

ಮಾರಿಷಸ್‌ನ ಡೋಡೋ ಹಕ್ಕಿ ಎಲ್ಲರಿಗೂ ಗೊತ್ತು. ನಾವಿಕರು ಹೊಡೆದು ತಿಂದು ಮುಗಿಸಿದರು ಅಂತ ಶಾಲೆಯಲ್ಲಿ ಕೇಳಿರುತ್ತೇವೆ. ಅದು ಅರ್ಧ ಕಥೆ. ಡಚ್ಚರು ಅಲ್ಲಿಗೆ ಬಂದದ್ದು 1598ರಲ್ಲಿ. ಡೋಡೋವನ್ನು ಕೊನೆಯದಾಗಿ ಕಂಡ ನಂಬಬಹುದಾದ ದಾಖಲೆ 1662ರದು. ನಡುವೆ 64 ವರ್ಷ ಅಷ್ಟೇ. ಆ ಕಾಲದಲ್ಲಿ ದ್ವೀಪದಲ್ಲಿ ನೆಲೆಸಿದ್ದ ಜನ ಬಹಳ ಕಡಿಮೆ. ಇಡೀ ದ್ವೀಪದ ದಟ್ಟ ಕಾಡಿನಲ್ಲಿ ಹಕ್ಕಿಗಳನ್ನು ಹುಡುಕಿ ಹುಡುಕಿ ಕೊಲ್ಲುವಷ್ಟು ಮಂದಿ ಇರಲಿಲ್ಲ. ಆದರೆ ಹಡಗಿನ ಇಲಿ, ಹಂದಿ, ಕೋತಿ ಎಲ್ಲ ಮೂಲೆಗೂ ಹೋದವು. ಡೋಡೋ ಗೂಡು ನೆಲದ ಮೇಲಿತ್ತು. ಅದು ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತಿತ್ತು ಅನ್ನುತ್ತವೆ ಹಳೆಯ ವರದಿಗಳು. ಮರಿಯೇ ಬೆಳೆಯದಿದ್ದರೆ ದೊಡ್ಡ ಹಕ್ಕಿ ಎಷ್ಟು ದಿನ ಉಳಿದೀತು?

ಡೋಡೋ ಜೊತೆ ಮಾರಿಷಸ್‌ನ ದೊಡ್ಡ ಆಮೆಗಳೂ ಹೋದವು. ಆಮೆ ಹೋದ ಮೇಲೆ ಕೆಲವು ಮರಗಳ ಹಣ್ಣು ತಿಂದು ಬೀಜ ಹರಡುವವರೇ ಇಲ್ಲವಾದರು. ಇಂಥ ಪರಿಣಾಮ ತಕ್ಷಣ ಕಣ್ಣಿಗೆ ಬೀಳುವುದಿಲ್ಲ. ಮರ ನಿಂತಿರುತ್ತದೆ, ಹಣ್ಣೂ ಬಿಡುತ್ತದೆ, ಕೆಳಗೆ ಸಸಿ ಮಾತ್ರ ಇರುವುದಿಲ್ಲ. ಮಾರಿಷಸ್ ಪಕ್ಕದ ಪುಟ್ಟ ದ್ವೀಪ ಇಲ್ ಓ ಜೆಗ್ರೆಟ್‌ನಲ್ಲಿ 2000ದಿಂದ ಅಲ್ಡಾಬ್ರಾ ಆಮೆಗಳನ್ನು ತಂದು ಬಿಟ್ಟರು. ಅಳಿದ ಆಮೆಯ ಕೆಲಸವನ್ನು ಈ ಆಮೆ ಮಾಡುತ್ತದೋ ನೋಡೋಣ ಅಂತ. ಮಾಡಿತು. ಅಲ್ಲಿನ ಕರಿಮರದ ಹಣ್ಣು ಆಮೆಯ ಹೊಟ್ಟೆಯಿಂದ ಹೊರಬಂದ ಮೇಲೆ ಬೀಜ ಇನ್ನೂ ಚೆನ್ನಾಗಿ ಮೊಳೆತವು. ತಾಯಿಮರದಿಂದ ದೂರದಲ್ಲೂ ಸಸಿ ಎದ್ದವು.

ಕೆರೆಯ ಕೆಸರಿನಲ್ಲಿ ಬರೆದಿಟ್ಟ ಲೆಕ್ಕ

ಒಂದು ಪ್ರಶ್ನೆ ಸಹಜ. ದ್ವೀಪಗಳು ಮನುಷ್ಯ ಬರದಿದ್ದರೂ ಬದಲಾಗುತ್ತಲೇ ಇದ್ದವಲ್ಲ? ಜ್ವಾಲಾಮುಖಿ, ಚಂಡಮಾರುತ, ಹವಾಮಾನ ಬದಲಾವಣೆ ಎಲ್ಲ ಇದ್ದವು. ಮನುಷ್ಯನನ್ನೇ ಯಾಕೆ ದೂರಬೇಕು?

ಇದಕ್ಕೆ ಉತ್ತರ ಹುಡುಕಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕೆರೆ, ಜೌಗು ನೆಲದ ತಳದಲ್ಲಿ ವರ್ಷ ವರ್ಷ ಕೂರುವ ಕೆಸರಿನಲ್ಲಿ ಸುತ್ತಲಿನ ಗಿಡಮರಗಳ ಪರಾಗ ಸಿಕ್ಕಿಕೊಂಡಿರುತ್ತದೆ. ಆ ಕೆಸರನ್ನು ಕೊಳವೆಯಲ್ಲಿ ತೆಗೆದು ಪದರ ಪದರವಾಗಿ ನೋಡಿದರೆ ಯಾವ ಕಾಲದಲ್ಲಿ ಯಾವ ಮರ ಇತ್ತು ಅಂತ ತಿಳಿಯುತ್ತದೆ. ಹೀಗೆ ಜಗತ್ತಿನ 27 ದ್ವೀಪಗಳ 5,000 ವರ್ಷಗಳ ಲೆಕ್ಕ ತೆಗೆದರು. 24 ದ್ವೀಪಗಳಲ್ಲಿ ಮನುಷ್ಯ ಕಾಲಿಟ್ಟ ಮೇಲೆ ಸಸ್ಯಗಳು ಬದಲಾಗುವ ವೇಗ ಏರಿತ್ತು. ಸಾಮಾನ್ಯವಾಗಿ 11 ಪಟ್ಟು. ಇನ್ನೊಂದು ವಿಷಯವೂ ಗೊತ್ತಾಯಿತು. ಎರಡು, ಮೂರು ಸಾವಿರ ವರ್ಷ ಹಿಂದೆ ಜನ ನೆಲೆಸಿದ ದ್ವೀಪಗಳಿಗಿಂತ ಕಳೆದ 1,500 ವರ್ಷಗಳಲ್ಲಿ ನೆಲೆಸಿದ ದ್ವೀಪಗಳು ಇನ್ನೂ ಬೇಗ ಬದಲಾದವು.

ಅಂದರೆ ಎಲ್ಲ ವಲಸೆಯೂ ಒಂದೇ ಥರ ಅಲ್ಲ. ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ದ್ವೀಪವಾಸಿಗಳನ್ನೇ ಅಪರಾಧಿ ಮಾಡುವ ಕಥೆಗಳು ಬಹಳ ಓಡಾಡುತ್ತವೆ. ಈಸ್ಟರ್ ದ್ವೀಪ ಅಂತ ಕರೆಯುವ ರಾಪಾ ನೂಯಿ ಕಥೆ ಅಂಥದ್ದು. ಅಲ್ಲಿನ ಜನ ಕಲ್ಲಿನ ಮೂರ್ತಿಗಳ ಹುಚ್ಚಿಗೆ ಮರವೆಲ್ಲ ಕಡಿದು ತಾವೇ ಹಸಿದು ಸತ್ತರು ಅಂತ ದಶಕಗಳ ಕಾಲ ಹೇಳಿದರು. ಕಾಡು ಹೋದದ್ದು ನಿಜ. ಆದರೆ ಅದರಲ್ಲಿ ದೋಣಿಯಲ್ಲಿ ಜೊತೆಗೆ ಬಂದ ಇಲಿಗಳ ಪಾಲೂ ಇದೆ. ಇಲಿ ಹಲ್ಲಿನ ಗುರುತಿರುವ ತಾಳೆ ಬೀಜಗಳು ಅಲ್ಲಿ ಸಿಕ್ಕಿವೆ. ಇನ್ನು ಜನಸಂಖ್ಯೆ ಕುಸಿತದ ಮಾತು. 2024ರಲ್ಲಿ ಅಲ್ಲಿನ ಪೂರ್ವಜರ ಡಿಎನ್ಎ ಪರೀಕ್ಷೆ ಮಾಡಿದಾಗ 1600ರ ದಶಕಗಳಲ್ಲಿ ಅಂಥ ಕುಸಿತ ಆಗಿದ್ದಕ್ಕೆ ಗುರುತೇ ಸಿಗಲಿಲ್ಲ. ಜನ ನಿಜವಾಗಿ ಕುಸಿದದ್ದು 1862ರ ನಂತರ. ಪೆರುವಿನ ಗುಲಾಮ ವ್ಯಾಪಾರಿಗಳು ಜನರನ್ನು ಹೊತ್ತೊಯ್ದರು. ಅದರ ಹಿಂದೆಯೇ ಸಿಡುಬು ಬಂತು.

ನ್ಯೂಜಿಲೆಂಡ್‌ನಲ್ಲಿ ಮಾತ್ರ ಬೇಟೆಯ ಪಾಲು ದೊಡ್ಡದು. ಸುಮಾರು 1300ರ ಹೊತ್ತಿಗೆ ಪಾಲಿನೇಷಿಯಾದ ಜನ ಅಲ್ಲಿಗೆ ಹೋದರು. ಮೋವಾ ಅನ್ನುವ ಹಾರಲಾರದ ದೊಡ್ಡ ಹಕ್ಕಿಯ ಒಂಬತ್ತು ಪ್ರಭೇದಗಳು ಒಂದೆರಡು ಶತಮಾನದಲ್ಲೇ ಮುಗಿದವು. ಅವನ್ನೇ ನಂಬಿಕೊಂಡಿದ್ದ ದೈತ್ಯ ಹದ್ದೂ ಹೋಯಿತು.

ಶಾಂತ ಸಾಗರದ ಟಿಕೋಪಿಯಾ ಇದಕ್ಕೆ ಪೂರ್ತಿ ಉಲ್ಟಾ. ಐದು ಚದರ ಕಿಲೋಮೀಟರ್‌ನಷ್ಟೇ ಇರುವ ದ್ವೀಪ. ಅಲ್ಲೂ ಮೊದಲು ಬಂದವರು ಕಾಡು ಸುಟ್ಟರು, ಸಮುದ್ರ ಹಕ್ಕಿಗಳನ್ನು ತಿಂದರು. ಆಮೇಲೆ ದಾರಿ ಬದಲಿಸಿದರು. ಹಣ್ಣಿನ ಮರ, ಕಾಯಿಯ ಮರ, ಕೆಳಗೆ ಗೆಡ್ಡೆ ಹೀಗೆ ಇಡೀ ದ್ವೀಪವನ್ನೇ ತೋಟ ಮಾಡಿದರು. ನಮ್ಮ ಮಲೆನಾಡಿನ ಅಡಿಕೆ ತೋಟದಲ್ಲಿ ಬಾಳೆ, ಮೆಣಸು, ಏಲಕ್ಕಿ ಒಟ್ಟಿಗೆ ಬೆಳೆದ ಹಾಗೆ. ಸುಮಾರು 1600ರಲ್ಲಿ, ತೋಟ ಹಾಳು ಮಾಡುತ್ತವೆ ಅಂತ ದ್ವೀಪದ ಹಂದಿಗಳನ್ನೆಲ್ಲ ತೆಗೆದುಬಿಟ್ಟರು. ಹಂದಿ ಅಂದರೆ ಅವರಿಗೆ ಮಾಂಸ, ಮರ್ಯಾದೆ ಎರಡೂ. ಅಂಥದ್ದನ್ನೇ ಬಿಟ್ಟರು. ಜನ ಇದ್ದ ಮಾತ್ರಕ್ಕೆ ದ್ವೀಪ ಹಾಳಾಗಲೇಬೇಕು ಅಂತಿಲ್ಲ ಅನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ ಇದು.

ಮದ್ದೇ ರೋಗವಾದಾಗ

ತಪ್ಪು ತಿದ್ದಲು ಹೋಗಿ ಇನ್ನೊಂದು ಜೀವಿಯನ್ನು ತಂದು ಬಿಟ್ಟ ಕಥೆಗಳು ದ್ವೀಪಗಳಲ್ಲಿ ತುಂಬಾ ಇವೆ. ಅದರಲ್ಲಿ ಒಂದು ನಮ್ಮ ದೇಶದಿಂದಲೇ ಹೊರಟಿದ್ದು.

1872ರಲ್ಲಿ ಕಲ್ಕತ್ತದಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾಗೆ ಕಳಿಸಿದರು. ಅಲ್ಲಿನ ಕಬ್ಬಿನ ಗದ್ದೆಗಳಲ್ಲಿ ಇಲಿ ಕಾಟ ಜಾಸ್ತಿಯಾಗಿತ್ತು. ಮುಂಗುಸಿ ಇಲಿ ತಿಂದಿತು ಅಂತ ಖುಷಿಪಟ್ಟು ಅಕ್ಕಪಕ್ಕದ ದ್ವೀಪಗಳೂ ತರಿಸಿಕೊಂಡವು. 1883ರಲ್ಲಿ ಜಮೈಕಾದಿಂದ ಹವಾಯಿಗೂ ಹೋದವು. ಮುಂಗುಸಿ ಹಗಲು ಓಡಾಡುವ ಪ್ರಾಣಿ. ಇಲಿ ರಾತ್ರಿ ಹೊರಬರುತ್ತದೆ. ಹಾಗಾಗಿ ಮುಂಗುಸಿಗೆ ಸುಲಭವಾಗಿ ಸಿಕ್ಕಿದ್ದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಹಲ್ಲಿ, ಆಮೆಮರಿ.

ಒಂದು ಶತಮಾನ ಕಳೆದರೂ ಈ ಪಾಠ ಎಲ್ಲರಿಗೂ ತಲುಪಲಿಲ್ಲ. 1979ರಲ್ಲಿ ಜಪಾನ್‌ನ ಅಮಾಮಿ ಓಶಿಮಾ ದ್ವೀಪದಲ್ಲಿ ಹಾಬು ಅನ್ನುವ ವಿಷದ ಹಾವನ್ನು ಹತೋಟಿಗೆ ತರಲು ಸುಮಾರು 30 ಮುಂಗುಸಿ ಬಿಟ್ಟರು. ಹಾಬು ಹಾವೂ ರಾತ್ರಿ ಸಂಚಾರಿ! ಮುಂಗುಸಿಗಳು ಅಲ್ಲಿ ಮಾತ್ರ ಇರುವ ಕಪ್ಪು ಮೊಲವನ್ನು ತಿಂದವು. 2000ದ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು 10,000ಕ್ಕೆ ಏರಿತ್ತು. ಆಮೇಲೆ ಶುರುವಾಯಿತು ಅವನ್ನು ಹಿಡಿಯುವ ಕೆಲಸ. ಕಾಡಿನ ತುಂಬ ಬೋನು, ವಾಸನೆ ಹಿಡಿಯುವ ನಾಯಿಗಳು, ಕ್ಯಾಮೆರಾಗಳು. ಕೊನೆಯ ಕೆಲವನ್ನು ಹುಡುಕಲು ವರ್ಷಗಟ್ಟಲೆ ಬೇಕಾಯಿತು. 2024ರ ಸೆಪ್ಟೆಂಬರ್‌ನಲ್ಲಿ ದ್ವೀಪ ಮುಂಗುಸಿ ಮುಕ್ತ ಅಂತ ಜಪಾನ್ ಸರ್ಕಾರ ಘೋಷಿಸಿತು. ಬಿಡಲು ಒಂದು ದಿನ, ತೆಗೆಯಲು ಎರಡು ದಶಕಕ್ಕೂ ಜಾಸ್ತಿ.

ನಮ್ಮ ಶಂಖದ ಹುಳುವಿನ ಕಥೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಶಾಂತ ಸಾಗರದ ದ್ವೀಪಗಳಲ್ಲಿ ಅದರ ಕಾಟ ತಡೆಯಲು ಅಮೆರಿಕದ ಕಡೆಯ ಇನ್ನೊಂದು ಬಸವನಹುಳುವನ್ನು ತಂದರು. ಅದು ಬೇರೆ ಬಸವನಹುಳುಗಳನ್ನೇ ಬೇಟೆಯಾಡುವ ಜಾತಿ. 1955ರಲ್ಲಿ ಹವಾಯಿಗೆ, 1977ರಲ್ಲಿ ಮೂರಿಯಾ ದ್ವೀಪಕ್ಕೆ ಬಂತು. ದೊಡ್ಡ ಶಂಖದ ಹುಳುವನ್ನು ಬಿಟ್ಟು, ಮರದ ಎಲೆಗಳ ಮೇಲೆ ಬದುಕುವ ಉಗುರಿನಷ್ಟು ಚಿಕ್ಕ ಪಾರ್ಟುಲಾ ಹುಳುಗಳನ್ನು ಹಿಡಿಯಿತು. ಮೂರಿಯಾದ ಕಾಡಿನಲ್ಲಿ ಪಾರ್ಟುಲಾ ಪ್ರಭೇದಗಳೆಲ್ಲ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಖಾಲಿ. ಸ್ವಲ್ಪ ಹುಳುಗಳನ್ನು ಮೊದಲೇ ಹಿಡಿದು ಲಂಡನ್ ಮೃಗಾಲಯದಂಥ ಕಡೆ ಡಬ್ಬಿಗಳಲ್ಲಿ ಸಾಕಿದ್ದರಿಂದ ಕೆಲವು ಉಳಿದಿವೆ. 2015ರಿಂದ ಅವನ್ನು ವಾಪಸ್ ಕಾಡಿಗೆ ಬಿಡುತ್ತಿದ್ದಾರೆ.

ಗುವಾಮ್ ದ್ವೀಪದ್ದು ಯಾರೂ ಬೇಕೆಂದು ಮಾಡಿದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಸಾಮಾನಿನೊಳಗೆ ಕಂದು ಮರಹಾವು ಬಂತು. ಕಾಡುಹಕ್ಕಿಗಳು ಒಂದೊಂದೇ ಮಾಯವಾಗುತ್ತಾ ಹೋದವು. ರೋಗ ಇರಬೇಕು, ಕೀಟನಾಶಕ ಇರಬೇಕು ಅಂತ ಬಹಳ ಕಾಲ ಅಂದುಕೊಂಡರು. ಹಾವೇ ಕಾರಣ ಅಂತ 1980ರ ದಶಕದಲ್ಲಿ ಖಚಿತವಾಗುವಷ್ಟರಲ್ಲಿ ತಡವಾಗಿತ್ತು. ಅಲ್ಲಿನ 12 ಕಾಡುಹಕ್ಕಿ ಪ್ರಭೇದಗಳಲ್ಲಿ 10 ಹೋದವು. ಹಾವು ವಿದ್ಯುತ್ ತಂತಿಗೆ ಹತ್ತಿ ಕರೆಂಟ್ ಹೋಗುವುದಂತೂ ಅಲ್ಲಿ ಮಾಮೂಲಾಯಿತು. ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಆ ಹಾವಿಗೆ ವಿಷ. ಸತ್ತ ಇಲಿಮರಿಯೊಳಗೆ ಮಾತ್ರೆ ಇಟ್ಟು ಹೆಲಿಕಾಪ್ಟರ್‌ನಿಂದ ಕಾಡಿಗೆ ಎಸೆಯುವ ತನಕ ಹೋಗಬೇಕಾಯಿತು.

ನೆಲದ ಇಲಿ, ಸಮುದ್ರದ ಹವಳ

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ನಡೆದ ಒಂದು ಅಧ್ಯಯನ ನನ್ನ ಮನಸ್ಸಿನಲ್ಲಿ ತುಂಬಾ ಉಳಿದಿದೆ. 2018ರಲ್ಲಿ ಪ್ರಕಟವಾದದ್ದು. ಅಲ್ಲಿ ಕೆಲವು ದ್ವೀಪಗಳಿಗೆ ತೆಂಗಿನ ತೋಟ ಮಾಡಲು ಬಂದ ಹಡಗುಗಳ ಜೊತೆ ಇಲಿ ಬಂದಿತ್ತು. ಪಕ್ಕದ ಕೆಲವು ದ್ವೀಪಗಳಿಗೆ ಬಂದಿರಲಿಲ್ಲ. ವಿಜ್ಞಾನಿಗಳು ಇಲಿ ಇರುವ ಆರು, ಇಲ್ಲದ ಆರು ದ್ವೀಪಗಳನ್ನು ಹೋಲಿಸಿದರು. ಇಲಿ ಇಲ್ಲದ ದ್ವೀಪಗಳಲ್ಲಿ ಸಮುದ್ರ ಹಕ್ಕಿಗಳ ಸಾಂದ್ರತೆ 760 ಪಟ್ಟು ಜಾಸ್ತಿ!

ಹಕ್ಕಿಗಳು ದೂರದ ಕಡಲಿನಲ್ಲಿ ಮೀನು ತಿಂದು ಬಂದು ದ್ವೀಪದಲ್ಲಿ ಹಿಕ್ಕೆ ಹಾಕುತ್ತವೆ. ಅದೇ ಗೊಬ್ಬರ. ಮಳೆಗೆ ಅದು ಕರಗಿ ಸುತ್ತಲಿನ ಹವಳದ ದಿಬ್ಬಕ್ಕೆ ಹೋಗುತ್ತದೆ. ಪಾಚಿ ಬೆಳೆಯುತ್ತದೆ, ಅದನ್ನು ಮೇಯುವ ಮೀನು ಬೆಳೆಯುತ್ತದೆ. ಇಲಿ ಇಲ್ಲದ ದ್ವೀಪಗಳ ಸುತ್ತ ಮೀನಿನ ಒಟ್ಟು ತೂಕ ಸುಮಾರು ಅರ್ಧದಷ್ಟು ಜಾಸ್ತಿ ಇತ್ತು. ಸತ್ತ ಹವಳವನ್ನು ಕೆರೆದು ಹೊಸ ಹವಳಕ್ಕೆ ಜಾಗ ಮಾಡಿಕೊಡುವುದೂ ಈ ಮೀನುಗಳೇ. ಮರದ ಬುಡದಲ್ಲಿ ಓಡಾಡುವ ಇಲಿಗೂ ನೀರೊಳಗಿನ ಹವಳಕ್ಕೂ ಹೀಗೆ ನಂಟು.

ಇದನ್ನು ಓದಿದಾಗ ಲಕ್ಷದ್ವೀಪ ನೆನಪಾಗದೆ ಇರುವುದಿಲ್ಲ. ಅದೂ ಹವಳದ ದ್ವೀಪ, ಅಲ್ಲೂ ತೆಂಗು, ಅಲ್ಲೂ ತೆಂಗಿನ ತಲೆಯಲ್ಲಿ ಗೂಡು ಮಾಡಿ ಎಳೆಗಾಯಿ ಕೊರೆಯುವ ಇಲಿ. ಸಮುದ್ರ ಹಕ್ಕಿಗಳಿಗೆ ಪಕ್ಷಿಪಿಟ್ಟಿಯಂಥ ಪುಟ್ಟ ಮರಳು ದಿಬ್ಬಗಳೇ ಗತಿ. 1998, 2010, 2016ರ ಬಿಸಿ ಕಡಲಿನ ವರ್ಷಗಳಲ್ಲಿ ಅಲ್ಲಿನ ಹವಳ ಬಿಳಿಚಿ ಸತ್ತಿತು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸಂಶೋಧಕರು ಎರಡು ದಶಕಕ್ಕೂ ಜಾಸ್ತಿ ಕಾಲ ಅಳೆದ ಪ್ರಕಾರ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ. ಕಡಲು ಬಿಸಿಯಾಗುವುದನ್ನು ಕವರತ್ತಿಯ ಜನ ತಡೆಯಲಾರರು. ಹವಳ ಚೇತರಿಸಿಕೊಳ್ಳಲು ಮೀನು, ಮೀನಿಗೆ ಹಕ್ಕಿ ಬೇಕು ಅನ್ನುವ ಕಡೆ ಮಾತ್ರ ನಾವು ಏನಾದರೂ ಮಾಡಬಹುದು.

ಅಂಡಮಾನ್‌ನಲ್ಲಿ ನಾವು ಫೋಟೋ ತೆಗೆಸಿಕೊಂಡ ಜಿಂಕೆ

ಬೆಂಗಳೂರಿನಿಂದ ಅಂಡಮಾನ್‌ಗೆ ನೇರ ವಿಮಾನ ಇದೆ. ಬೇಸಿಗೆ ರಜೆ, ದಸರಾ ರಜೆ, ಹನಿಮೂನ್ ಅಂತ ಇಲ್ಲಿಂದ ಹೋಗುವವರು ಎಷ್ಟೋ ಮಂದಿ. ಹೋದವರೆಲ್ಲ ಪೋರ್ಟ್ ಬ್ಲೇರ್ ಎದುರಿನ ರಾಸ್ ದ್ವೀಪ ನೋಡಿರುತ್ತಾರೆ. ಪೋರ್ಟ್ ಬ್ಲೇರ್‌ಗೆ ಈಗ ಶ್ರೀ ವಿಜಯಪುರಂ ಅಂತ ಹೆಸರು, ರಾಸ್‌ಗೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಅಂತ. ಬ್ರಿಟಿಷರ ಪಾಳು ಕಟ್ಟಡ, ಅದರ ಮೇಲೆ ಹೆಣೆದುಕೊಂಡ ಬೇರುಗಳು, ನಡುವೆ ಕೈಯಿಂದಲೇ ತಿನ್ನುವಷ್ಟು ಸಲಿಗೆಯ ಚುಕ್ಕೆ ಜಿಂಕೆಗಳು. ಮಕ್ಕಳು ಬಿಸ್ಕತ್ತು ಕೊಡುತ್ತಾರೆ, ದೊಡ್ಡವರು ಫೋಟೋ ತೆಗೆಯುತ್ತಾರೆ.

ಚುಕ್ಕೆ ಜಿಂಕೆ ಅಂಡಮಾನ್‌ನದ್ದಲ್ಲ. ನಾಗರಹೊಳೆಯಲ್ಲಿ ಇರಬೇಕಾದ ಪ್ರಾಣಿ. ಬ್ರಿಟಿಷರು ಬೇಟೆಗಾಗಿ ತಂದು ಬಿಟ್ಟರು. ನಾಗರಹೊಳೆಯಲ್ಲಿ ಜಿಂಕೆಯ ಹಿಂದೆ ಹುಲಿ, ಚಿರತೆ, ಕಾಡುನಾಯಿ ಇವೆ. ಅಂಡಮಾನ್‌ನಲ್ಲಿ ಒಂದೂ ಇಲ್ಲ. ಈಜಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗುತ್ತವೆ. ಅವು ಹೆಚ್ಚಾದ ಕಾಡಿನಲ್ಲಿ ನೋಡಿದರೆ ದೊಡ್ಡ ಮರಗಳೆಲ್ಲ ಚೆನ್ನಾಗೇ ಇರುತ್ತವೆ. ಮೊಣಕಾಲೆತ್ತರದ ಸಸಿಗಳು ಮಾತ್ರ ಕಾಣುವುದಿಲ್ಲ. ಇಂಟರ್‌ವ್ಯೂ ದ್ವೀಪದಲ್ಲಿ ಜಿಂಕೆ ಜೊತೆ ಆನೆಯೂ ಸೇರಿತು. ಮರ ಕಡಿಸುತ್ತಿದ್ದ ಒಂದು ಖಾಸಗಿ ಕಂಪನಿ 1962ರಲ್ಲಿ ಬಾಗಿಲು ಹಾಕಿದಾಗ ಸುಮಾರು 40 ಸಾಕಾನೆಗಳನ್ನು ಅಲ್ಲೇ ಬಿಟ್ಟು ಹೋಯಿತು. ಆನೆ ಮರ ಬೀಳಿಸುತ್ತದೆ, ತೊಗಟೆ ಸುಲಿಯುತ್ತದೆ. ಅದರ ಜಾಗದಲ್ಲಿ ಏಳಬೇಕಾದ ಸಸಿಯನ್ನು ಜಿಂಕೆ ತಿನ್ನುತ್ತದೆ.

ನಮ್ಮೂರಿನ ಕಪ್ಪೆಯೂ ಅಲ್ಲಿ ಸೇರಿದೆ. ಮೊದಲ ಮಳೆಗೆ ಗದ್ದೆ ಬದಿಯಲ್ಲಿ ಹಳದಿಯಾಗಿ ಹೊಳೆಯುತ್ತಾ, ಕೆನ್ನೆಯ ಎರಡೂ ಕಡೆ ನೀಲಿ ಚೀಲ ಉಬ್ಬಿಸಿ ಕೂಗುವ ದೊಡ್ಡ ಕಪ್ಪೆ ಇದೆಯಲ್ಲ, ಅದೇ. ಹೊಂಡದಲ್ಲಿ ಮೀನು ಸಾಕಲು ತಂದ ಮೀನುಮರಿಗಳ ಜೊತೆ ಅದರ ಗೊದಮೊಟ್ಟೆಗಳೂ ಬಂದವು. ಅಂಡಮಾನ್‌ನ ಚಿಕ್ಕ ಕಪ್ಪೆಗಳ ಗೊದಮೊಟ್ಟೆಗಳನ್ನು ಇದರ ಗೊದಮೊಟ್ಟೆ ತಿನ್ನುತ್ತದೆ. ಒಂದೇ ತೊಟ್ಟಿಯಲ್ಲಿಟ್ಟು ನೋಡಿದಾಗ ಸ್ಥಳೀಯ ಮರಿಗಳು ಉಳಿಯಲಿಲ್ಲ. ಇಲ್ಲಿ ನಮಗೆ ಪ್ರೀತಿಯ, ರೈತನಿಗೆ ಉಪಕಾರಿಯಾದ ಜೀವಿಯೇ ಅಲ್ಲಿ ಕಂಟಕ. ತಪ್ಪು ಕಪ್ಪೆಯದಲ್ಲ ಅಲ್ವಾ.

ಮತ್ತೆ ಗ್ರೇಟ್ ನಿಕೋಬಾರ್‌ಗೆ

ಭಾರತದ ತೀರಾ ದಕ್ಷಿಣದ ತುದಿ ಇರುವ ದ್ವೀಪ ಇದು. ವಿಸ್ತೀರ್ಣ 900 ಚದರ ಕಿಲೋಮೀಟರ್ ಮೇಲೆ. ಶೋಂಪೆನ್ ಮತ್ತು ನಿಕೋಬಾರಿ ಬುಡಕಟ್ಟು ಜನರ ನೆಲ. 1969ರಿಂದ ಮಾಜಿ ಸೈನಿಕರ ಕುಟುಂಬಗಳೂ ನೆಲೆಸಿವೆ. ಒಟ್ಟು ಜನ ಸುಮಾರು 8,000. ಇಲ್ಲಿ ಸರಕು ಹಡಗುಗಳ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣ ಕಟ್ಟುವ ಯೋಜನೆಗೆ 2022ರ ನವೆಂಬರ್‌ನಲ್ಲಿ ಪರಿಸರ ಅನುಮತಿ ಸಿಕ್ಕಿತು. ಆಗಿನ ಅಂದಾಜು ವೆಚ್ಚ 72,000 ಕೋಟಿ ರೂಪಾಯಿ. ಬಳಕೆಗೆ ಹೋಗುವ ಅರಣ್ಯ 130 ಚದರ ಕಿಲೋಮೀಟರ್. ಬದಲಿ ಅರಣ್ಯ ಬೆಳೆಸಲು ಗೊತ್ತು ಮಾಡಿದ್ದು ಹರಿಯಾಣದಲ್ಲಿ! ಮುಂದಿನ ಕೆಲವು ದಶಕಗಳಲ್ಲಿ ಅಲ್ಲಿ ಸುಮಾರು 3.5 ಲಕ್ಷ ಜನ ಇರುತ್ತಾರೆ ಅಂತ ಲೆಕ್ಕ.

ಯೋಜನೆಯ ಪರವಾಗಿ ಹೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಮಲಕ್ಕಾ ಜಲಸಂಧಿಯ ಬಾಯಲ್ಲಿರುವ ದ್ವೀಪ, ದೇಶದ ರಕ್ಷಣೆಗೆ ಮುಖ್ಯ. ಅಲ್ಲಿ ಈಗಾಗಲೇ ಇರುವವರಿಗೆ ಒಳ್ಳೆ ಆಸ್ಪತ್ರೆ, ನಂಬಬಹುದಾದ ಹಡಗು ಬೇಕು. 2004ರ ಸುನಾಮಿಯಲ್ಲಿ ಅವರು ಪಟ್ಟ ಕಷ್ಟ ಸಣ್ಣದಲ್ಲ. ಆದರೆ ರಕ್ಷಣಾ ನೆಲೆ ಬೇರೆ, 3.5 ಲಕ್ಷ ಜನರ ಪಟ್ಟಣ ಬೇರೆ. ಎರಡನ್ನೂ ಒಂದೇ ಕಡತದಲ್ಲಿ ಕಟ್ಟಿ ಪ್ರಶ್ನೆ ಕೇಳಬೇಡಿ ಅನ್ನುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಬಂದರು ಬರುವುದು ಗಲಾಥಿಯಾ ಕೊಲ್ಲಿಯಲ್ಲಿ. ಎರಡು ಮೀಟರ್‌ವರೆಗೂ ಬೆಳೆಯುವ, ಗಟ್ಟಿ ಚಿಪ್ಪೇ ಇಲ್ಲದ ಲೆದರ್‌ಬ್ಯಾಕ್ ಕಡಲಾಮೆ ಮೊಟ್ಟೆ ಇಡುವ ಕಡಲತೀರ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ದಕ್ಷಿಣ್ ಫೌಂಡೇಷನ್‌ನವರು ಲಿಟಲ್ ಅಂಡಮಾನ್‌ನಲ್ಲಿ ಈ ಆಮೆಗಳಿಗೆ ಉಪಗ್ರಹ ಟ್ಯಾಗ್ ಹಾಕಿ ನೋಡಿದ್ದಾರೆ. ಕೆಲವು ಪಶ್ಚಿಮ ಆಸ್ಟ್ರೇಲಿಯಾ ಕಡೆಗೆ, ಕೆಲವು ಆಫ್ರಿಕಾದ ಕಡೆಗೆ ಹೋದವು. ಅಷ್ಟು ದೂರ ಈಜಿ ಬಂದ ಆಮೆಯ ಮೊಟ್ಟೆಯನ್ನು ದಡದಲ್ಲಿ ಅಗೆದು ತಿನ್ನುವವರಲ್ಲಿ ನಾಯಿಗಳು ಮುಖ್ಯ. ಜನರ ಜೊತೆ ಬಂದ ನಾಯಿಗಳು.

ನಿಕೋಬಾರ್ ಮೆಗಾಪೋಡ್ ಹಕ್ಕಿಯನ್ನೂ ನೋಡಿ. ಕೋಳಿ ಗಾತ್ರದ್ದು. ಮೊಟ್ಟೆ ಮೇಲೆ ಕೂರುವುದಿಲ್ಲ. ಕಡಲತೀರದ ಕಾಡಿನಲ್ಲಿ ಕಾಲಿನಿಂದ ಮರಳು, ತರಗೆಲೆ ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಹೂಳುತ್ತದೆ. ಎಲೆ ಕೊಳೆಯುವ ಬಿಸಿಗೆ ಮೊಟ್ಟೆ ಮರಿಯಾಗುತ್ತದೆ. ಮರಿ ತಾನೇ ಮಣ್ಣು ಅಗೆದು ಹೊರಬರುತ್ತದೆ. ಹುಟ್ಟಿದ ಸ್ವಲ್ಪ ಹೊತ್ತಿಗೇ ಅದಕ್ಕೆ ಹಾರಲು ಬರುತ್ತದೆ. ಸುನಾಮಿಯಲ್ಲಿ ಈ ಗುಡ್ಡೆಗಳು ಕೊಚ್ಚಿಹೋಗಿ ಇದರ ಸಂಖ್ಯೆ ತೀರಾ ಕುಸಿದಿತ್ತು. ವಾರಗಟ್ಟಲೆ ನೆಲದಲ್ಲೇ ಕಾವಲಿಲ್ಲದೆ ಇರುವ ಮೊಟ್ಟೆ ಅದು. ನಾಯಿ, ಬೆಕ್ಕು ಹೆಚ್ಚಿದರೆ ಏನಾಗುತ್ತದೆ ಅಂತ ಊಹಿಸಲು ವಿಜ್ಞಾನಿ ಆಗಬೇಕಿಲ್ಲ.

ಈ ಬಂದರಿನ ಸ್ವರೂಪವೂ ಮುಖ್ಯ. ಒಂದು ಹಡಗಿನ ಕಂಟೇನರ್ ಇಳಿಸಿ ಇನ್ನೊಂದಕ್ಕೆ ಏರಿಸುವ ಬಂದರು ಇದು. ಪೂರ್ಣಗೊಂಡರೆ ವರ್ಷಕ್ಕೆ 1.42 ಕೋಟಿ ಕಂಟೇನರ್ ಘಟಕಗಳ ಸಾಮರ್ಥ್ಯ. ಜಗತ್ತಿನ ಬೇರೆ ಬೇರೆ ಬಂದರುಗಳ ಡಬ್ಬಗಳು ದಿನಗಟ್ಟಲೆ ಒಂದೇ ಅಂಗಳದಲ್ಲಿ ಕೂರುತ್ತವೆ. ಡಬ್ಬದ ತಳಕ್ಕೆ ಅಂಟಿದ ಮಣ್ಣಿನಲ್ಲಿ ಇರುವೆ ಗೂಡು, ಬಸವನಹುಳು, ಕಳೆಬೀಜ ಇರಬಹುದು. ಹಡಗು ಸಮತೋಲನಕ್ಕೆ ಹೊಟ್ಟೆಯಲ್ಲಿ ತುಂಬಿಕೊಳ್ಳುವ ನೀರಿನಲ್ಲಿ ಬೇರೆ ಕಡಲಿನ ಜೀವಿಗಳಿರಬಹುದು. ಕಟ್ಟಡಕ್ಕೆ ಮರಳು, ಜಲ್ಲಿ, ಹಳೆ ಜೆಸಿಬಿ ಎಲ್ಲ ಹೊರಗಿನಿಂದಲೇ ಬರಬೇಕು. ಹೊಸ ಪಟ್ಟಣದ ಮನೆಗಳ ಮುಂದೆ ಇಡಲು ನರ್ಸರಿ ಗಿಡಗಳೂ ಬರುತ್ತವೆ. ಬೆಂಗಳೂರಿನ ಕುಂಡಗಳ ಕೆಳಗೆ ಸೇರಿರುವ ಶಂಖದ ಹುಳುವೂ ಊರಿಂದೂರಿಗೆ ಹೋಗುವುದು ಹೀಗೇ, ಗಿಡ ಮತ್ತು ಮಣ್ಣಿನ ಜೊತೆ.

ಕಟ್ಟಲೇಬೇಕು ಅಂತಾದರೆ ಹೇಗೆ ಎಚ್ಚರ ವಹಿಸಬಹುದು ಅನ್ನುವುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಬ್ಯಾರೋ ದ್ವೀಪ ಒಂದು ಮಾದರಿ. 1910ರಿಂದ ಸಂರಕ್ಷಿತ ದ್ವೀಪ ಅದು. ಅಲ್ಲಿ ದೊಡ್ಡ ಅನಿಲ ಸ್ಥಾವರ ಕಟ್ಟಲು ಅನುಮತಿ ಕೊಟ್ಟಾಗ ಹೊರಗಿನ ಒಂದು ಜೀವಿಯೂ ನೆಲೆಯೂರಬಾರದು ಅನ್ನುವ ಷರತ್ತಿನ ಮೇಲೆ ಕೊಟ್ಟರು. ಮುಖ್ಯ ನೆಲದಲ್ಲೇ ಪ್ರತಿ ಯಂತ್ರವನ್ನು ತೊಳೆದು, ಪರೀಕ್ಷಿಸಿ, ಪ್ಲಾಸ್ಟಿಕ್ ಸುತ್ತಿ ಕಳಿಸಿದರು. ಕೆಲಸಗಾರರ ಬೂಟು, ಬ್ಯಾಗ್ ಜಾಲಾಡಿದರು. ದ್ವೀಪದಲ್ಲಿ ವರ್ಷವಿಡೀ ಹಲ್ಲಿ, ಇರುವೆ, ಇಲಿ ಹುಡುಕುವ ತಂಡ ಇಟ್ಟರು. ಆ ಯೋಜನೆಯ ಬಗ್ಗೆ ಬೇರೆ ತಕರಾರುಗಳಿವೆ. ಆದರೂ ದೊಡ್ಡ ಕೈಗಾರಿಕೆಯ ಜೊತೆಯೇ ಇಂಥ ಕಟ್ಟುನಿಟ್ಟು ಸಾಧ್ಯ ಅಂತ ಅದು ತೋರಿಸಿದೆ. ಅಲ್ಲಿಗೆ ಹೋದವರು ಕೆಲಸಗಾರರು ಮಾತ್ರ ಅನ್ನುವುದನ್ನೂ ಮರೆಯಬಾರದು. 3.5 ಲಕ್ಷ ಜನರ ಮನೆ, ಮಾರ್ಕೆಟ್, ಸಾಕುಪ್ರಾಣಿ ಇರುವ ಪಟ್ಟಣದಲ್ಲಿ ಇದೇ ಕಟ್ಟುನಿಟ್ಟು ತರುವುದು ಎಷ್ಟೋ ಪಟ್ಟು ಕಷ್ಟ.

ಆಮೇಲೆ ಸರಿಮಾಡಿಕೊಳ್ಳೋಣ ಅನ್ನುವವರಿಗೆ ಮ್ಯಾಕ್ವಾರಿ ದ್ವೀಪದ ಅನುಭವ ಹೇಳಬೇಕು. ಆಸ್ಟ್ರೇಲಿಯಾ 2000ದ ಹೊತ್ತಿಗೆ ಅಲ್ಲಿನ ಬೆಕ್ಕುಗಳನ್ನೆಲ್ಲ ತೆಗೆಯಿತು. ಹಕ್ಕಿಗಳಿಗೆ ಒಳ್ಳೆಯದಾಗಲಿ ಅಂತ. ಬೆಕ್ಕಿಲ್ಲದ ಮೇಲೆ ಮೊಲ ಹೆಚ್ಚಿದವು. ಮೊಲಕ್ಕೆ ಅಂತ ಬಿಟ್ಟಿದ್ದ ರೋಗದ ಬಲವೂ ಅಷ್ಟರಲ್ಲಿ ಕುಂದಿತ್ತು. ಮೊಲಗಳು ಗುಡ್ಡ ಬೋಳು ಮಾಡಿದವು, ಮಣ್ಣು ಕುಸಿದು ಪೆಂಗ್ವಿನ್‌ಗಳ ಮೇಲೆ ಬಿತ್ತು. ಕೊನೆಗೆ ಮೊಲ, ಇಲಿ, ಸುಂಡಿಲಿ ಮೂರನ್ನೂ ಒಟ್ಟಿಗೆ ತೆಗೆದು 2014ರಲ್ಲಿ ಮುಕ್ತ ಅಂತ ಘೋಷಿಸಿದರು. ಮ್ಯಾಕ್ವಾರಿಯಲ್ಲಿ ಊರಿಲ್ಲ, ಹೆಲಿಕಾಪ್ಟರ್‌ನಿಂದ ವಿಷದ ಕಾಳು ಸುರಿಯಬಹುದು. ಜನ, ದನ, ಕೋಳಿ, ಕುಡಿಯುವ ನೀರಿನ ತೊರೆ ಇರುವ ಗ್ರೇಟ್ ನಿಕೋಬಾರ್‌ನಲ್ಲಿ ಹಾಗೆ ಮಾಡಲು ಆಗುವುದೇ ಇಲ್ಲ.

ಹಾಗಾಗಿ ಸಂಸದರಿಗೆ ಪತ್ರ ಬರೆಯುವವರು, ಟೌನ್‌ಹಾಲ್ ಮುಂದೆ ಫಲಕ ಹಿಡಿಯುವವರು ಮರದ ಲೆಕ್ಕದ ಜೊತೆ ಇನ್ನೂ ಕೆಲವು ಪ್ರಶ್ನೆ ಕೇಳಬೇಕು. ಈಗ ದ್ವೀಪದಲ್ಲಿ ಯಾವ ಯಾವ ಇರುವೆ, ಬಸವನಹುಳು, ಇಲಿ, ಕಳೆ ಇವೆ ಅನ್ನುವ ಪಟ್ಟಿ ಮೊದಲ ದೊಡ್ಡ ಹಡಗು ಬರುವ ಮುಂಚೆ ತಯಾರಾಗುತ್ತದೆಯೇ? ಆ ಪಟ್ಟಿ ಇಲ್ಲದಿದ್ದರೆ ನಾಳೆ ಹೊಸದು ಬಂದರೂ ಗೊತ್ತಾಗುವುದಿಲ್ಲ. ಕಂಟೇನರ್ ಅಂಗಳದಲ್ಲಿ ತಪಾಸಣೆ ಮಾಡುವವರು ಬಂದರು ನಡೆಸುವ ಕಂಪನಿಯ ಕೈಕೆಳಗಿನವರೋ, ಸ್ವತಂತ್ರರೋ? ನರ್ಸರಿ ಗಿಡ, ಸಾಕುನಾಯಿ, ಅಲಂಕಾರದ ಮೀನು ತರುವುದಕ್ಕೆ ನಿಯಮ ಏನು? ಶೋಂಪೆನ್ನರ ಕಾಡಿಗೆ ರೋಗ ಹೋಗದ ಹಾಗೆ ಯಾರು ನೋಡಿಕೊಳ್ಳುತ್ತಾರೆ?

ಸುಮ್ನೆ ಪ್ರವಾಸಕ್ಕೆ ಹೋಗುವವರಿಗೂ ಸ್ವಲ್ಪ ಕೆಲಸ ಇದೆ. ಅಂಡಮಾನ್‌ಗೋ ಲಕ್ಷದ್ವೀಪಕ್ಕೋ ಹೊರಡುವ ಮುಂಚೆ ಚಾರಣದ ಬೂಟಿನ ಅಡಿಯ ಮಣ್ಣು ತೊಳೆಯಿರಿ, ಪ್ಯಾಂಟಿನ ಮಡಿಕೆ, ಬ್ಯಾಗಿನ ಜಿಪ್ ಸಂದಿಯಲ್ಲಿ ಸಿಕ್ಕಿಕೊಂಡ ಉತ್ರಾಣಿ ಕಾಳು, ಹುಲ್ಲಿನ ಬೀಜ ಕಿತ್ತು ಹಾಕಿ. ನ್ಯೂಜಿಲೆಂಡ್ ವಿಮಾನ ನಿಲ್ದಾಣದಲ್ಲಿ ಬೂಟು ಕೊಳಕಾಗಿದ್ದರೆ ಅಲ್ಲಿನ ಅಧಿಕಾರಿಗಳು ತಾವೇ ತೊಳೆಸಿ ಕಳಿಸುತ್ತಾರೆ. ಅಲ್ಲಿನ ಮನೆಯವರಿಗೆ ಅಂತ ಇಲ್ಲಿನ ಕರಿಬೇವಿನ ಸಸಿ, ದಾಸವಾಳದ ಕಡ್ಡಿ ಮಣ್ಣಿನ ಸಮೇತ ಒಯ್ಯಬೇಡಿ. ರಾಸ್ ದ್ವೀಪದ ಜಿಂಕೆಗೆ ಬಿಸ್ಕತ್ತು ಕೊಡುವುದನ್ನೂ ನಿಲ್ಲಿಸಬಹುದು.